ಕೊನೆಯ ಭಾಷಣ, ಜನರ ಒತ್ತಾಯದ ಮೇರೆಗೆ

ಜಡೆಪ್ಪನಷ್ಟು ಧೈರ್ಯವಂತ ಬಳ್ಳಾರಿ ಜಿಲ್ಲೆಯಲ್ಲೇ ಇಲ್ಲ ಎಂದು ಜನರೆಲ್ಲ ಒಪ್ಪಿಕೊಂಡಿದ್ದರು. ಒಪ್ಪದೇ ಇದ್ದವನು ಒಬ್ಬನೇ, ಅವನು ಜಡೆಪ್ಪ. ಎಡಮಗ್ಗುಲಿಗೆ ಮಲಗಿದರೆ ತನ್ನ ಗುಂಡಿಗೆಯ ಬಡಿತ ದಿಂಬಿನೊಳಗಿಂದ ಕೇಳುತ್ತದೆಂದು ಅವನು ಬಲಮಗ್ಗುಲಿಗೆ ಹೊರಳುತ್ತಿದ್ದ. ಬಲಮಗ್ಗುಲಲ್ಲಿ ಏನೂ ಕೇಳದಿದ್ದರೆ ನಿಂತೇ ಹೋಯಿತೋ ಏನೋ ಎಂದು ಎದ್ದು ಕೂರುತ್ತಿದ್ದ. ಹಗಲು ಮಾತ್ರ ಹಾರ ಹಾಕಿಸಿಕೊಂಡು ವೇದಿಕೆ ಹತ್ತಿ, ಸಾವಿಗೆ ಅಂಜಬಾರದು ಎಂದು ಜನರಿಗೆ ಹೇಳುತ್ತಿದ್ದ.

ಅವನಿಗಿನ್ನೂ ಇಪ್ಪತ್ತೈದು. ಹುಡುಗನಾಗಿದ್ದಾಗ ಕೀಲುಗಳೆಲ್ಲ ಊದಿ ಜ್ವರ ಬಂದು, ಜ್ವರ ಹೋಗುವಾಗ ಗುಂಡಿಗೆಯನ್ನು ಕೆಡಿಸಿ ಹೋಗಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆಯಾದರೆ ಪಾದ ಊತ, ತುಟಿ ನೇರಳೆ ಹಣ್ಣು ತಿಂದವರ ಹಾಗೆ. ಊರು ಕುರುಗೋಡು. ಬಳ್ಳಾರಿಯ ಹತ್ತಿ ಗಿರಣಿಯೊಂದರಲ್ಲಿ ಗುಮಾಸ್ತನಾಗಿ, ಬ್ರೂಸ್‌ಪೇಟೆಯ ಕೋಣೆಯೊಂದರಲ್ಲಿ ಇದ್ದುಕೊಂಡು ನಗೆಕತೆಗಳನ್ನು ಬರೆಯುತ್ತಿದ್ದ. ಅವನ್ನು ಸೇರಿಸಿ ಒಂದು ಪುಸ್ತಕವನ್ನೂ ಅಚ್ಚು ಹಾಕಿಸಿದ್ದ. ಗೆಳೆಯರು ಅದನ್ನು ಪುಕ್ಕಟೆ ಒಯ್ದು, ಪುಕ್ಕಟೆ ಬಂದದ್ದನ್ನು ಹೇಗೆ ನೋಡಿಕೊಳ್ಳುತ್ತಾರೋ ಹಾಗೆಯೇ ನೋಡಿಕೊಂಡರು.

ಧೈರ್ಯ ಅವನಿಗೆ ಅಂಟಿದ್ದು ಒಂದು ವಾಚನಾಲಯದ ವಾರ್ಷಿಕೋತ್ಸವದಲ್ಲಿ. ಮೊದಲ ಚುನಾವಣೆ ಆಗತಾನೆ ಮುಗಿದಿತ್ತು. ಓಟು ಕೇಳುವವರ ಭಾಷಣ ಕೇಳಿ ಕೇಳಿ ಜನ ರೋಸಿಹೋಗಿದ್ದರು. ಏನನ್ನೂ ಕೇಳದ ಭಾಷಣಕಾರ ಬೇಕೆಂದು ಹುಡುಕಿದವರಿಗೆ ಜಡೆಪ್ಪ ಸಿಕ್ಕ. ವಿಷಯ ಹಾಸ್ಯ. ಹತ್ತು ನಿಮಿಷ ಮಾತಾಡಿದ, ಒಬ್ಬರೂ ನಗಲಿಲ್ಲ. ಆಮೇಲೆ ಅವನಿಗೆ ಉಸಿರು ಸಿಕ್ಕಿಕೊಂಡಿತು. ಮೇಜು ಹಿಡಿದು ಕಣ್ಣು ಮುಚ್ಚಿ ನಿಂತ. ಅವ್ವಾ, ಇಲ್ಲೇ ಹೋದೆನಲ್ಲ ಎಂದುಕೊಂಡ. ಸಭೆಯಲ್ಲಿ ಬೀಸಣಿಗೆಗಳೆಲ್ಲ ನಿಂತವು. ಉಸಿರು ತಿರುಗಿ ಬಂದಾಗ ಕಣ್ಣು ತೆರೆದು, "ಏನಿಲ್ಲ... ಇದು ಇದ್ದದ್ದೇ" ಎಂದ.

ಅಷ್ಟೇ. ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಂಡರು. ಅಧ್ಯಕ್ಷತೆ ವಹಿಸಿದ್ದ ವಕೀಲರು ಎದ್ದು ನಿಂತು, ಸಾವನ್ನು ಇಷ್ಟು ಹಗುರವಾಗಿ ಕಾಣುವ ತರುಣ ನಮ್ಮ ನಾಡಿಗೆ ಬೇಕು ಎಂದರು. ಹಗುರವಾಗಿ ಕಂಡವನ ಬೆನ್ನಿನ ಅಂಗಿ ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿತ್ತು. ಬೆನ್ನು ಯಾರಿಗೆ ಕಾಣುತ್ತದೆ!

ಕಂಡದ್ದು ಗಾದೆಪ್ಪನಿಗೆ. ಅವನು ಪಕ್ಕದಲ್ಲೇ ನಿಂತಿದ್ದ. ಗಾದೆಪ್ಪ ಒಂದು ನಾಟಕ ಕಂಪನಿಯ ಮ್ಯಾನೇಜರು. ಸಿನಿಮಾ ಬಂದು ಕಂಪನಿ ಮುಚ್ಚಿದ್ದರೂ ಅವನು ಮ್ಯಾನೇಜರಿಕೆ ಬಿಟ್ಟಿರಲಿಲ್ಲ. ಕೊರಳಲ್ಲಿ ಶಾಲು, ಬಾಯಲ್ಲಿ ಎಲೆ ಅಡಿಕೆ, ಬಗಲಲ್ಲಿ ಹಳೆಯ ಕರಪತ್ರಗಳ ಕಟ್ಟು. ಮರುದಿನ ಬೆಳಿಗ್ಗೆಯೇ ಜಡೆಪ್ಪನ ಕೋಣೆಗೆ ಬಂದು ಕುಳಿತ. "ನಗಿಕತಿ ಸಾಕು ಬಿಡ್ರಿ. ನಗಾಕ ಮಂದಿಗೆ ಬ್ಯಾರೆ ದಾರಿ ಅದಾವು. ನೀವು ಸಾಯಾದರ ಮ್ಯಾಲ ಮಾತಾಡ್ರಿ. ಉಸಿರು ಹಿಡದಾಗ ಹಿಡೀಲಿ, ಮುಚ್ಚಿಡಬ್ಯಾಡ್ರಿ."

ಒಬ್ಬ ಬರಹಗಾರನನ್ನು ಕೆಡಿಸಲು ನೂರು ಜನ ಕಿವಿಗೊಟ್ಟು ಕೇಳಿದರೆ ಸಾಕು. ಜಡೆಪ್ಪನೂ ಕೆಟ್ಟ. 'ಬಾ ಸಾವೇ, ಕೂತು ಮಾತಾಡೋಣ' ಎಂಬ ಪುಟ್ಟ ಪುಸ್ತಕ ಬರೆದ. ಬರೆಯುವಾಗ ಕೈ ನಡುಗುತ್ತಿತ್ತು. ಅಚ್ಚಿನಲ್ಲಿ ನಡುಕ ಕಾಣುವುದಿಲ್ಲವಲ್ಲ, ಪುಸ್ತಕ ಬಿಸಿ ಮಂಡಕ್ಕಿಯಂತೆ ಖರ್ಚಾಯಿತು. ಹಲ್ಲಿ ಕಂಡರೆ ಕಿರುಚುವ ಪೈಲ್ವಾನನೊಬ್ಬ ಬಂದು ಅವನ ಕಾಲು ಮುಟ್ಟಿ ಧೈರ್ಯ ಕೇಳಿದ. ಮಗಳ ಮಾವನಿಗೆ ಅಂಜುವ ಅಮಲ್ದಾರರು ಬಂದರು. ಎಲ್ಲರಿಗೂ ಜಡೆಪ್ಪ ಧೈರ್ಯ ಹೇಳಿ ಕಳಿಸಿದ. ಅವರು ಹೋದ ಮೇಲೆ ನಾಡಿ ಹಿಡಿದು ನೋಡಿಕೊಂಡ.

ಗಾದೆಪ್ಪನ ಕರಪತ್ರಗಳಲ್ಲಿ ಒಂದು ಹಳೆಯ ಚಾಳಿ ಇತ್ತು. ಕಂಪನಿ ಯಾವ ಊರಿಗೆ ಹೋದರೂ ಮೂರನೆಯ ದಿನವೇ 'ಇದೇ ಕೊನೆಯ ಆಟ' ಎಂದು ಅಚ್ಚು ಹಾಕಿಸುವುದು, ಮರುದಿನ 'ಜನರ ಒತ್ತಾಯದ ಮೇರೆಗೆ ಇನ್ನೊಂದು ಆಟ', ಅದರ ಮರುದಿನ ಮತ್ತೊಂದು ಕೊನೆ. ಮಳೆ ಬಂದು ಡೇರೆ ಬೀಳುವ ತನಕ ಕೊನೆಗಳಿಗೆ ಕೊನೆಯಿರುತ್ತಿರಲಿಲ್ಲ. ಬಳ್ಳಾರಿ ಸೀಮೆಯ ಜನಕ್ಕೆ ಇದು ಗೊತ್ತು, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಅದೇ ಚಾಳಿಯಲ್ಲಿ ಗಾದೆಪ್ಪ 'ಧೀರ ತರುಣ ಜಡೆಪ್ಪನವರ ಕೊನೆಯ ಭಾಷಣ' ಎಂದು ಅಚ್ಚು ಹಾಕಿಸಿದ.

ಕರಪತ್ರ ನೋಡಿದ ಜಡೆಪ್ಪ ಅದನ್ನು ಹಿಡಿದುಕೊಂಡೇ ಗಾದೆಪ್ಪನ ಮುಂದೆ ಬಂದು ನಿಂತ. "ಗಾದೆಪ್ನೋರ, ಇದೇನ್ರಿ ಕೊನೆ ಅಂತ ಹಾಕೀರಿ? ಡಾಕ್ಟರು ನಿಮ್ಮ ಕಿವ್ಯಾಗ ಏನಾರ ಹೇಳ್ಯಾರೇನು?"

"ಯೇ, ಅದು ಅಚ್ಚಿನ ಮಾತ್ರೀ. ಮನಸಿಗೆ ಹಚ್ಚಿಕೊಬ್ಯಾಡ್ರಿ" ಎಂದು ಗಾದೆಪ್ಪ ನಕ್ಕ.

ನಾಟಕದ ಕೊನೆಯನ್ನು ನಂಬದ ಜನ ಜಡೆಪ್ಪನ ಕೊನೆಯನ್ನು ಮಾತ್ರ ನಂಬಿದರು. ಗಾಡಿ ಕಟ್ಟಿಕೊಂಡು ಬಂದರು. ಆಮೇಲೆ ಎರಡನೆಯ ಕೊನೆಗೂ ಬಂದರು, ಮೂರನೆಯ ಕೊನೆಗೂ ಬಂದರು. ನಾಲ್ಕನೆಯದರಲ್ಲಿ ಹಾರ ಹಾಕಲು ವೇದಿಕೆ ಹತ್ತಿದ ಹಿರಿಯ ವ್ಯಾಪಾರಿಯೊಬ್ಬರು ಅವನನ್ನು ಮೇಲಿಂದ ಕೆಳಗೆ ನೋಡಿ, "ಇನ್ನೂ ಅದೀರೇನ್ರಿ?" ಎಂದು ಕೇಳಿಯೇಬಿಟ್ಟರು. ಪಾಪ, ಕೆಟ್ಟ ಮನಸ್ಸಿನವರಲ್ಲ. ಕೊನೆ ಎಂದು ನಂಬಿ ಅಂಗಡಿ ಮುಚ್ಚಿ ಬಂದವರಿಗೆ ಇಷ್ಟಾದರೂ ಕೇಳುವ ಹಕ್ಕಿದೆ.

ಜಡೆಪ್ಪನಿಗೆ ಬೇಕಿದ್ದದ್ದು ಒಂದೇ. ನನಗೆ ಅಂಜಿಕೆಯಾಗುತ್ತಿದೆ ಎಂದು ಯಾರ ಮುಂದಾದರೂ ಹೇಳಬೇಕು, ಕೇಳಿದವರು ಹೌದೇನಪ್ಪ ಎನ್ನಬೇಕು. ಇಷ್ಟು ಸಣ್ಣ ಆಸೆಗೆ ಇಡೀ ಜಿಲ್ಲೆಯಲ್ಲಿ ಜಾಗ ಇರಲಿಲ್ಲ. ಗೆಳೆಯರ ಮುಂದೆ ಬಾಯಿ ತೆರೆದರೆ, ತಮಾಷೆ ಮಾಡುತ್ತಾನೆಂದು ನಕ್ಕರು. ನಗೆಕತೆಗೆ ನಗದವರು ಇದಕ್ಕೆ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಉಳಿದವಳು ತಾಯಿ, ಕುರುಗೋಡಿನಲ್ಲಿದ್ದ ಪಕ್ಕೀರಮ್ಮ.

ಪಕ್ಕೀರಮ್ಮನಿಗೆ ಓದು ಬಾರದು. ಮಗನ ಹೆಸರಿದೆ ಎಂದು ಕರಪತ್ರವನ್ನು ದೇವರ ಗೂಡಿನ ಪಕ್ಕ ಅಂಟಿಸಿ, ದಿನಾ ಅದಕ್ಕೂ ಊದಿನಕಡ್ಡಿ ತೋರಿಸುತ್ತಿದ್ದಳು. ಅದರಲ್ಲಿ 'ಕೊನೆಯ' ಎಂದಿರುವುದನ್ನು ಅವಳಿಗೆ ಓದಿ ಹೇಳುವಷ್ಟು ಧೈರ್ಯ ಧೀರ ತರುಣನಿಗೂ ಇರಲಿಲ್ಲ. ಒಮ್ಮೆ ಊಟಕ್ಕೆ ಕುಳಿತಾಗ, "ಅವ್ವಾ, ನನಗ ಒಂದೊಂದು ಸಲ..." ಎಂದು ಶುರು ಮಾಡಿದ.

"ಸುಮ್ನಿರಪ್ಪ" ಎಂದು ಅವಳು ಬಾಗಿಲ ಕಡೆ ನೋಡಿದಳು. "ನೀನ ಹಂಗಂದ್ರ ಉಳದೋರ ಗತಿ ಏನು? ಮಂದಿ ಕೇಳ್ಯಾರು."

ಜಡೆಪ್ಪ ರೊಟ್ಟಿ ಮುರಿದುಕೊಂಡ. ಮನೆಯಲ್ಲೂ ವೇದಿಕೆಯೇ ಆಯಿತಲ್ಲ ಎಂದು ಅವನಿಗೆ ಅಳು ಬಂತು.

ಬೇಸಿಗೆ ಏರುತ್ತಿದ್ದಂತೆ ಊತ ಮೊಣಕಾಲಿಗೆ ಬಂತು. ಬಳ್ಳಾರಿಯ ಡಾಕ್ಟರು ರಂಗಣ್ಣ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. "ನೋಡಪಾ, ಮೂರು ತಿಂಗಳು ಬಾಯಿ ಮುಚ್ಕೊಂಡು ಮಲಕ್ಕೋ. ಉಪ್ಪು ಬಿಡು. ಗುಳಿಗಿ ತಪ್ಪಸಬ್ಯಾಡ. ಹಂಗಿದ್ರ ಭಾಳ ವರ್ಷ ಇರ್ತೀ. ಇನ್ನ ನಾಕು ಭಾಷಣ ಮಾಡಿದ್ರ, ಐದನೇದು ನಿನ್ನ ಮ್ಯಾಲ ಬ್ಯಾರೇರು ಮಾಡ್ತಾರ."

ಬಹಳ ವರ್ಷ! ಆ ಎರಡು ಮಾತು ಹಿಡಿದುಕೊಂಡು ಜಡೆಪ್ಪ ಗಾದೆಪ್ಪನ ಬಳಿ ಓಡಿದ. ಓಡಿದ ಎನ್ನುವುದು ಬಾಯಿಮಾತಿಗೆ, ದಾರಿಯಲ್ಲಿ ಎರಡು ಕಡೆ ಕುಳಿತು ಸುಧಾರಿಸಿಕೊಂಡ. ಗಾದೆಪ್ಪ ಜಗಳ ತೆಗೆಯುತ್ತಾನೆಂದು ಹೆದರಿದ್ದರೆ, ಅವನು ಎಲೆಗೆ ಸುಣ್ಣ ಸವರುತ್ತ, "ಮಲಕ್ಕೋರಿ. ಆರೋಗ್ಯಕ್ಕಿಂತ ಹೆಚ್ಚಿಂದೇನೈತಿ? ಇಲ್ಲಿಂದು ನಾ ನೋಡ್ಕೋತೀನಿ" ಎಂದ. ಇಷ್ಟು ಸಲೀಸಾಗಿ ಒಪ್ಪಿದವನನ್ನು ಸಂಶಯದಿಂದ ನೋಡಬೇಕಿತ್ತು. ನಗೆಕತೆ ಬರೆಯುವವರಿಗೆ ಲೋಕಜ್ಞಾನ ಕಡಿಮೆ.

ಕುರುಗೋಡಿನಲ್ಲಿ ಜಡೆಪ್ಪ ಮಲಗಿದ. ಉಪ್ಪಿಲ್ಲದ ನುಚ್ಚು, ಉಪ್ಪಿಲ್ಲದ ಬೇಳೆ, ಹೊತ್ತಿಗೆ ಸರಿಯಾಗಿ ಗುಳಿಗೆ. ಊತ ಪಾದಕ್ಕಿಳಿಯಿತು, ಕೆನ್ನೆ ಕೊಂಚ ತುಂಬಿತು. ಸಾಯುವ ಧೀರನನ್ನು ನೋಡಲು ಬಂದ ಊರವರಿಗೆ ಬಾಳೆಹಣ್ಣು ಸುಲಿದು ತಿನ್ನುತ್ತ ಕುಳಿತವನು ಸಿಕ್ಕಿದ. ನೆರೆಮನೆಯ ಹೊನ್ನೂರಮ್ಮ, "ಅರಾಮ ಅದೀ ಬಿಡಪ್ಪ" ಎಂದು ಬೈದಂತೆ ಹೇಳಿ ಹೋದಳು.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಲಾಲಸಾಬ್ ಬಂದ. ಬಳ್ಳಾರಿ ಸಿರುಗುಪ್ಪ ಬಸ್ಸಿನ ಡ್ರೈವರು. ಕುರುಗೋಡಿನಲ್ಲಿ ಬಸ್ಸು ನಿಂತಷ್ಟು ಹೊತ್ತು ಜಡೆಪ್ಪನ ಮನೆಯಲ್ಲಿ ನೀರು ಕುಡಿದು ಹೋಗುವ ರೂಢಿ. ಬಾಗಿಲಲ್ಲೇ ಕೈ ಮುಗಿದ. "ಮೊನ್ನಿ ತೆಕ್ಕಲಕೋಟ್ಯಾಗ ನಿಮ್ಮ ಭಾಷಣ ಕೇಳಿ ಅತ್ತುಬಿಟ್ಟೆ ನೋಡ್ರಿ. ಒಳಗ ಕಾಲಿಡಾಕ ಜಾಗ ಇರ್ಲಿಲ್ಲ, ದೂರ ಬಸ್ಸಿನ ಮ್ಯಾಲ ಕುಂತು ಮೈಕಿನ್ಯಾಗ ಕೇಳ್ದೆ. ಧ್ವನಿ ಏನ್ ಗಟ್ಟಿ ಆಗೈತ್ರಿ ನಿಮ್ದು!"

"ಮೊನ್ನಿ ನಾ ಇಲ್ಲೇ ಮಲಗಿದ್ದೆ, ಲಾಲಸಾಬ್."

ಲಾಲಸಾಬ್ ನೀರಿನ ಚೊಂಬು ಕೆಳಗಿಟ್ಟ. "ಹಂಗಾದ್ರ ನಾ ಅತ್ತಿದ್ದು ಯಾರ ಸಲುವಾಗಿ?"

ಅವನ ಜೇಬಿನಲ್ಲಿ ಕರಪತ್ರವಿತ್ತು. ಅದೇ ದಿನ ಮಧ್ಯಾಹ್ನ ಮೂರಕ್ಕೆ ಸಿರುಗುಪ್ಪದ ಅಕ್ಕಿ ಗಿರಣಿಯ ಅಂಗಳದಲ್ಲಿ ಧೀರ ತರುಣ ಜಡೆಪ್ಪನವರ ಕೊನೆಯ ಭಾಷಣ. ಜಡೆಪ್ಪನಿಗೆ ತಿಳಿಯಿತು. ಕಂಪನಿಯಲ್ಲಿ ಪಾತ್ರಧಾರಿ ಹಾಸಿಗೆ ಹಿಡಿದರೆ ಆಟ ನಿಲ್ಲಿಸುವುದುಂಟೇ? ಅವನ ಕಿರೀಟವನ್ನು ಇನ್ನೊಬ್ಬನ ತಲೆಗಿಟ್ಟು ಪರದೆ ಎತ್ತುವುದು ರೂಢಿ. ಜಡೆಪ್ಪನ ಮುಖ ಕಾಣದ ಊರುಗಳನ್ನು ಹುಡುಕಿ ಗಾದೆಪ್ಪ ತನಗೆ ಗೊತ್ತಿದ್ದ ಕೆಲಸ ಮಾಡಿದ್ದ, ಅಷ್ಟೇ.

ತನ್ನ ಹೆಸರಿನಲ್ಲಿ ಯಾರೋ ತಿರುಗಾಡುತ್ತಿದ್ದಾನೆಂಬ ಸಿಟ್ಟಿಗಿಂತ ಬೇರೊಂದು ಯೋಚನೆ ಅವನನ್ನು ಹಾಸಿಗೆಯಿಂದ ಎಬ್ಬಿಸಿತು. ಆ ಧೀರ ಊರೂರು ಸುತ್ತುತ್ತಿರುವ ತನಕ ಈ ಹೇಡಿಗೆ ಬಿಡುಗಡೆ ಇಲ್ಲ. ಸಭೆಯ ನಡುವೆ ನಿಂತು, ಜಡೆಪ್ಪ ನಾನು, ನನಗೆ ಸಾಯಲು ಅಂಜಿಕೆ, ನನಗೆ ಬದುಕಬೇಕು, ಇನ್ನು ನನ್ನನ್ನು ಬಿಡಿ ಎಂದು ಒಮ್ಮೆ ಹೇಳಿಬಿಟ್ಟರೆ ಬಂದು ನೆಮ್ಮದಿಯಾಗಿ ಮಲಗಬಹುದು, ನೆಮ್ಮದಿಯಾಗಿ ಅಂಜಬಹುದು.

"ಅವ್ವಾ, ಸಿರುಗುಪ್ಪಕ್ಕ ಹೋಗಿ ಬರ್ತೀನಿ. ಸಭಾ ಐತಿ" ಎಂದ. ಬೇಡ ಎನ್ನಲಿ ಎಂದು ಅವಳ ಮುಖವನ್ನೇ ನೋಡಿದ. ಮೊರದಲ್ಲಿ ಕಾಳು ಆರಿಸುತ್ತಿದ್ದ ಪಕ್ಕೀರಮ್ಮನ ಕೈ ನಿಂತಿತು. ಆಮೇಲೆ ಎದ್ದು ಒಗೆದ ಧೋತರ ತಂದುಕೊಟ್ಟಳು. "ಹೋಗಿ ಬಾ. ಮಂದಿ ಕಾಯ್ತಿರ್ತಾರ."

ಲಾಲಸಾಬ್ ಅವನನ್ನು ತನ್ನ ಮಗ್ಗುಲಲ್ಲೇ ಕೂರಿಸಿಕೊಂಡು ಗುಂಡಿ ಬಂದಲ್ಲೆಲ್ಲ ಬಸ್ಸನ್ನು ಮೆಲ್ಲಗೆ ಇಳಿಸಿ ಹತ್ತಿಸಿದ. ಗಿರಣಿಯ ಅಂಗಳದಲ್ಲಿ ಚಪ್ಪರ, ಚುನಾವಣೆಯಲ್ಲಿ ಗಂಟಲು ಕೆಡಿಸಿಕೊಂಡಿದ್ದ ಹಳೆಯ ಮೈಕು, ದೇಶನೂರಿನಿಂದ ಗಾಡಿಗಳಲ್ಲಿ ಬಂದ ಜನ. ಬಸ್ಸು ತಿರುಗಿ ಹೊರಡುವುದು ಸಂಜೆಗೆ, ಇಬ್ಬರೂ ಹಿಂದಿನ ಸಾಲಿನ ಬೆಂಚಿನಲ್ಲಿ ಕುಳಿತರು. ವೇದಿಕೆಯ ಮೇಲೆ ಬಂದವನು ಮೈಲಾರಲಿಂಗಪ್ಪ. ಕಂಪನಿಯಲ್ಲಿ ಇಪ್ಪತ್ತು ವರ್ಷ ಭೀಮನಾಗಿದ್ದ ಆಳು. ಬಿಳಿ ಖಾದಿ ಉಡಿಸಿ, ಮುಖಕ್ಕೆ ಪೌಡರು ಬಳಿದು, ತುಟಿಗೆ ಬಟ್ಟೆಯ ನೀಲಿ ಹಚ್ಚಿದ್ದರು. ಎರಡು ಕಡೆ ಇಬ್ಬರು ಹಿಡಿದುಕೊಂಡು ಬಂದರು. ನೋಡುವವರಿಗೆ ಆ ಇಬ್ಬರೇ ಅವನ ಭಾರಕ್ಕೆ ಜೋತುಬಿದ್ದಂತೆ ಕಾಣುತ್ತಿತ್ತು.

ಆದರೆ ಬಾಯಿ ತೆರೆದನೋ ಇಲ್ಲವೋ, ಚಪ್ಪರ ತಣ್ಣಗಾಯಿತು. ಅದೇ ಮಾತು, ಜಡೆಪ್ಪ ನಡುಗುವ ಕೈಯಲ್ಲಿ ಬರೆದದ್ದೇ. ಭೀಮನ ಬಾಯಲ್ಲಿ ಬಂದಾಗ ನಡುಕವೇ ಇಲ್ಲ. "ಬಾ ಸಾವೇ!" ಎಂದು ತೋಳು ಚಾಚಿದರೆ ಸಾವು ಬರಲು ನಾಚಿಕೊಳ್ಳಬೇಕು. ನಡುವೆ ನಿಲ್ಲಿಸಿ, ಎದೆ ಹಿಡಿದು, ಕಣ್ಣು ಮುಚ್ಚಿ, "ಏನಿಲ್ಲ... ಇದು ಇದ್ದದ್ದೇ" ಎಂದ. ಇಡೀ ಚಪ್ಪರ ಬಿಕ್ಕಿತು. ಜಡೆಪ್ಪನ ಕೆನ್ನೆಯೂ ಒದ್ದೆಯಾಯಿತು. ಎಂಥ ಧೈರ್ಯ, ಬದುಕಿದರೆ ಇವನಂತೆ ಬದುಕಬೇಕು ಎಂದುಕೊಂಡು, ಎಷ್ಟೋ ದಿನಗಳ ಮೇಲೆ ಎದೆ ಹಗುರಾಗಿ ಕುಳಿತ. ಮರುಕ್ಷಣ ನೆನಪಾಗಿ ನಾಚಿಕೆಯಿಂದ ಲಾಲಸಾಬನ ಕಡೆ ನೋಡಿದ. ಲಾಲಸಾಬ್ ಎರಡನೆಯ ಸಲ ಅಳುತ್ತಿದ್ದ.

ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಭೀಮನಿಗೊಂದು ಹಳೆಯ ಕೊರಗು. ಇಪ್ಪತ್ತು ವರ್ಷ ಎಲ್ಲರನ್ನೂ ಕೊಂದವನಿಗೆ ತಾನು ಒಮ್ಮೆಯೂ ವೇದಿಕೆಯ ಮೇಲೆ ಸಾಯುವ ಭಾಗ್ಯ ಸಿಕ್ಕಿರಲಿಲ್ಲ. ಇಂಥ ಅವಕಾಶ ಮತ್ತೆ ಬರುವುದುಂಟೇ? ಭಾಷಣ ಮುಗಿಯುತ್ತಲೇ ಗಿರಕಿ ಹೊಡೆದು, ಮೈಕಿನ ಕಂಬ ತಬ್ಬಿ, ಒಂದು ಮೊಣಕಾಲೂರಿ, ಆಮೇಲೆ ಇನ್ನೊಂದನ್ನೂರಿ, "ತಾಯೀ!" ಎಂದು ಕೂಗಿ ಮಲಗಿಬಿಟ್ಟ. ಬದಿಯಲ್ಲಿ ನಿಂತಿದ್ದ ಗಾದೆಪ್ಪನ ಬಾಯಿಂದ ಎಲೆ ಅಡಿಕೆ ಬಿತ್ತು, ಕರಾರಿನಲ್ಲಿ ಇದಿರಲಿಲ್ಲ. ಹೆಂಗಸರು ಚೀರಿದರು. ಹಿಂದೆ ನಿಂತಿದ್ದ ಭತ್ತದ ಲಾರಿಯವರು, ಆಯಿತಲ್ಲ, ಇನ್ನೇನಿದೆ ಎಂದು ಲಾರಿ ಹತ್ತಿ ಕುರುಗೋಡಿನ ದಾರಿ ಹಿಡಿದರು.

ಅಷ್ಟರಲ್ಲಿ ಮುಂದಿನ ಸಾಲಿನಿಂದ ಯಾರೋ, "ವನ್ಸ್ ಮೋರ್!" ಎಂದ. ಆ ಸೀಮೆಯಲ್ಲಿ ಹಾಡು ಚೆನ್ನಾಗಿದ್ದರೆ ವನ್ಸ್ ಮೋರ್, ಕುಣಿತ ಚೆನ್ನಾಗಿದ್ದರೆ ವನ್ಸ್ ಮೋರ್, ಸತ್ತದ್ದು ಚೆನ್ನಾಗಿದ್ದರೂ ವನ್ಸ್ ಮೋರ್. ನಾಟಕ ನೋಡಿ ಬೆಳೆದ ಬಾಯಿ, ಭಾಷಣವೆಂಬುದು ಮರೆತುಹೋಗಿತ್ತು. ಇಡೀ ಚಪ್ಪರ ಕೂಗಿತು. ಮೈಲಾರಲಿಂಗಪ್ಪ ಎದ್ದು, ಮಣ್ಣು ಕೊಡವಿಕೊಂಡು, ಕೈ ಮುಗಿದು, ಇನ್ನೊಮ್ಮೆ ಸತ್ತ. ಎರಡನೆಯದು ಮೊದಲಿನದಕ್ಕಿಂತ ಸೊಗಸಾಗಿತ್ತು ಎಂದು ಬಲ್ಲವರು ಹೇಳಿದರು.

ಜಡೆಪ್ಪ ಬೆಂಚಿನ ಮೇಲೆ ಎದ್ದು ನಿಂತ. "ಜಡೆಪ್ಪ ನಾನು!" ಎಂದ. ಜನ ತಿರುಗಿ ನೋಡಿದರು. "ನಾನು ಸತ್ತಿಲ್ಲ. ನನಗ ಸಾಯಾಕ ಅಂಜಿಕಿ ಆಗತೈತಿ. ನಾನು..." ಉಸಿರು ಸಿಕ್ಕಿಕೊಂಡಿತು. ಲಾಲಸಾಬನ ಹೆಗಲು ಹಿಡಿದು, ಬಾಯಿ ತೆರೆದು ಮುಚ್ಚಿ ನಿಂತ. ಮುಖ ಕಪ್ಪಿಟ್ಟಿತು.

"ಕುಂದ್ರಲೇ!" ಎಂದು ಒಬ್ಬ ಗದರಿದ. "ಉಸಿರು ಹಿಡಿಯಾದು ಅಂದ್ರ ಹಂಗೇನಲೇ? ಅಲ್ಲಿ ನೋಡಿ ಕಲಿ."

"ಇವ್ರೇ ಖರೇ ಜಡೆಪ್ಪ ಅದಾರ್ರಿ!" ಎಂದು ಲಾಲಸಾಬ್ ಕೂಗಿದ.

"ಹೋಗೋ ಮಾರಾಯ. ಖರೇ ಜಡೆಪ್ಪ ಅಂಜ್ತಾನೇನು?"

ಅಷ್ಟರಲ್ಲಿ ಗಾದೆಪ್ಪ ಮೈಕು ಹಿಡಿದಿದ್ದ. ದೂರದಿಂದಲೇ ಜಡೆಪ್ಪನ ಗುರುತು ಹಿಡಿದು, ಅವನತ್ತ ಕಣ್ಣಲ್ಲೇ ಕಾಲು ಹಿಡಿದವನಂತೆ ನೋಡುತ್ತ, "ಬಂಧುಗಳೇ, ಇಂಥ ಧೀರರ ಹೆಸರು ಹೇಳಿಕೊಂಡು ತಿರುಗುವವರು ಎಲ್ಲ ಕಡೆ ಇರುತ್ತಾರೆ. ಅವರ ಮೇಲೆ ಸಿಟ್ಟು ಬೇಡ. ಪಾಪ, ಕೂರಲು ಜಾಗ ಕೊಡಿ" ಎಂದ. ಜನ ಅದಕ್ಕೂ ಚಪ್ಪಾಳೆ ತಟ್ಟಿದರು.

ಸಂಜೆ ಬಸ್ಸು ಕುರುಗೋಡಿನ ಕಡೆ ತಿರುಗಿತು. ದಾರಿಯಲ್ಲಿ ಲಾಲಸಾಬ್, "ಒಂದ್ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಖರೇನ ಅಂಜಿಕಿ ಐತೇನು?" ಎಂದ. ಜಡೆಪ್ಪ ಹೌದೆಂದು ತಲೆಯಾಡಿಸಿದ. ಲಾಲಸಾಬ್ ಖಾಲಿ ರಸ್ತೆಯಲ್ಲಿ ಹಾರ್ನ್ ಒತ್ತಿದ.

ಹೊತ್ತು ಮುಳುಗುವಾಗ ಕುರುಗೋಡು ಬಂತು. ಜಡೆಪ್ಪನ ಮನೆಯ ಮುಂದೆ ಓಣಿಯ ಹೆಂಗಸರೆಲ್ಲ ನೆರೆದಿದ್ದರು. ಮೊದಲ ಸಾವು ನೋಡಿ ಎದ್ದುಹೋಗಿದ್ದ ಲಾರಿಯವರು ಸುದ್ದಿಯನ್ನು ಅಷ್ಟಕ್ಕೇ ತಂದು ಮುಟ್ಟಿಸಿದ್ದರು. ವನ್ಸ್ ಮೋರ್ ಅವರಿಗೇನು ಗೊತ್ತು! ಪಕ್ಕೀರಮ್ಮ ಕಟ್ಟೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದಳು. ಕಣ್ಣಲ್ಲಿ ಒಂದು ಹನಿ ಇಲ್ಲ. ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದಳು.

"ಅಳಬ್ಯಾಡ ಪಕ್ಕೀರವ್ವ, ನೀ ಧೀರನ್ನ ಹಡದಾಕಿ" ಎಂದು ಹೊನ್ನೂರಮ್ಮ ಅವಳ ಬೆನ್ನು ಸವರುತ್ತಿದ್ದಳು. ಮಾತು ಮುಗಿಸಿ ತಲೆ ಎತ್ತಿದವಳು ಬಸ್ಸಿನಿಂದ ಇಳಿದು ಬರುತ್ತಿದ್ದ ಜಡೆಪ್ಪನನ್ನು ಕಂಡು ಕಿಟಾರನೆ ಕಿರುಚಿ ಗೋಡೆಗೆ ಅಂಟಿಕೊಂಡಳು.

ಪಕ್ಕೀರಮ್ಮ ಎದ್ದು ಬಂದಳು. ಮಗನ ಕೆನ್ನೆ ಮುಟ್ಟಿದಳು, ತೋಳು ಹಿಚುಕಿದಳು, ಎದೆಯ ಮೇಲೆ ಅಂಗೈ ಇಟ್ಟಳು. ಆ ಹಾಳು ಗುಂಡಿಗೆ ಲಟಪಟ ಹೊಡೆದುಕೊಳ್ಳುತ್ತಿತ್ತು.

ಜಡೆಪ್ಪ ಅಷ್ಟೂ ಜನರ ಮುಂದೆ, "ಅವ್ವಾ, ನನಗ ಅಂಜಿಕಿ ಆಗತೈತಿ" ಎಂದ. "ಸಾಯಾಕ ಭಾಳ ಅಂಜಿಕಿ ಆಗತೈತಿ."

ಪಕ್ಕೀರಮ್ಮನ ಹಲ್ಲಿನಿಂದ ಸೆರಗು ಜಾರಿತು. "ನನಗೂ ಆಗತೈತೋ ನನ್ನಪ್ಪ" ಎಂದು ಅವನನ್ನು ಬಾಚಿ ತಬ್ಬಿಕೊಂಡು, ಇಡೀ ಓಣಿಗೆ ಕೇಳುವಂತೆ ಬಾಯಿ ಬಿಟ್ಟು ಅತ್ತಳು. ಎಷ್ಟು ವರ್ಷದ್ದು ಕಟ್ಟಿಟ್ಟುಕೊಂಡಿದ್ದಳೋ.

ಹೊನ್ನೂರಮ್ಮನಿಗೆ ಇದು ಸರಿಬರಲಿಲ್ಲ. "ಅಂಥಾ ಧೈರ್ಯವಂತನ ಮುಂದ ಹಿಂಗ ಅಳ್ತಾರೇನವ್ವ?" ಎಂದಳು.

"ಆ ಧೈರ್ಯವಂತ ಸಿರುಗುಪ್ಪದಾಗ ಸತ್ತ ಅಂತ ಈಗ ನೀವ ಹೇಳಿದ್ರಲ್ಲ" ಎಂದಳು ಪಕ್ಕೀರಮ್ಮ, ಮೂಗು ಒರೆಸಿಕೊಂಡು. "ಸಾಯ್ಲಿ ಬಿಡ್ರಿ. ಇವ ನನ್ನ ಮಗ. ಅಂಜಿಕೊಂತ ಬದುಕ್ತಾನ."